ಚಾವಡಿಯ ಪ್ರಿಂಟರ್

ನಮ್ಮ ಮನೆಯಲ್ಲಿ ಪ್ರಿಂಟರ್ ಚಾವಡಿಯಲ್ಲಿ ಕುಳಿತದ್ದು ಮಾವನ ಹಠದಿಂದ. ಅದು ನನ್ನ ಕೋಣೆಯಲ್ಲಿರಬೇಕು ಎಂದು ನಾನು, ಮಕ್ಕಳು ಕೂರುವಲ್ಲಿ ಇರಬೇಕು ಎಂದು ಅವರು. ಮಾವ ನಿವೃತ್ತ ಮಾಷ್ಟ್ರು. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ಮುಗಿಸಿ ಬಂದವರು, ಮನೆಗೆ ಬಂದ ಮೇಲೂ ಮುಗಿಸಲಿಲ್ಲ. ಸಂಜೆಯಾದರೆ ಶಿರಿಯದ ಹೊಳೆ ಬದಿಯ ಹತ್ತನೇ ಕ್ಲಾಸಿನ ಮಕ್ಕಳೆಲ್ಲ ನಮ್ಮ ಚಾವಡಿಯ ಚಾಪೆಯ ಮೇಲೆ. ಆ ಮಕ್ಕಳ ಶಾಲೆಯಲ್ಲಿ ಸಮಾಜ ಪಾಠಕ್ಕೆ ಆ ವರ್ಷ ಅಧ್ಯಾಪಕರೇ ಇರಲಿಲ್ಲ, ಹುದ್ದೆ ಖಾಲಿ ಬಿದ್ದಿತ್ತು. ಹಾಗಾಗಿ ಮಾವ ಹೇಳಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನೂ ಬೇರೆ ಶಾಲೆಯಲ್ಲಿ ಅದೇ ಪಾಠ ಮಾಡುವವಳು. ಇಡೀ ದಿನ ಮಕ್ಕಳ ಗದ್ದಲ ಕೇಳಿ ಮನೆಗೆ ಬಂದರೆ ಇಲ್ಲಿ ಮತ್ತೆ ಮಕ್ಕಳ ಗದ್ದಲ. ತಲೆ ಸಿಡಿಯುತ್ತಿತ್ತು, ಆದರೆ ಬಾಯಿ ಬಿಡುವ ಹಾಗಿರಲಿಲ್ಲ.

ಚಾವಡಿಯಲ್ಲಿ ಪ್ರಿಂಟರಿಗೆ ಜೋಡಿಸಿ ಇದ್ದದ್ದು ಹಳೆಯ ಕಂಪ್ಯೂಟರ್. ಶಾಲೆಯ ತರಬೇತಿಯಲ್ಲಿ ನಮಗೆಲ್ಲ ಕಲಿಸಿದ ಉಚಿತ ಲಿನಕ್ಸ್ ಅದರಲ್ಲಿ ಓಡುತ್ತಿತ್ತು. ಕುವೈತಿನಲ್ಲಿರುವ ನನ್ನ ಗಂಡ ರಜೆಗೆ ಬಂದಾಗ ತಂದುಕೊಟ್ಟ ಲ್ಯಾಪ್‌ಟಾಪಿನಲ್ಲಿ ವಿಂಡೋಸ್. ಒಂದು ಮನೆಯೊಳಗೇ ಇದ್ದು ಮಾತು ಬಿಟ್ಟ ನೆಂಟರ ಹಾಗೆ ಅವೆರಡೂ ಒಂದರ ಮುಖ ಒಂದು ನೋಡುತ್ತಿರಲಿಲ್ಲ, ನನ್ನ ಕೋಣೆಯಿಂದ ಪ್ರಿಂಟು ಕೊಡಲು ಆಗುತ್ತಿರಲಿಲ್ಲ. "ಯಾರಿಗಾದ್ರೂ ಹೇಳಿ ಮಾಡಿಸು" ಎಂದರು ಗಂಡ ಫೋನಿನಲ್ಲಿ. ಆ ಮಾತು ಕೇಳಿ ನನ್ನ ಮೈ ಉರಿಯಿತು. ಯಾರಿಗೂ ಹೇಳುವುದಿಲ್ಲ, ನಾನೇ ಮಾಡುತ್ತೇನೆ ಎಂದು ಓಣಂ ರಜೆಯಿಡೀ ಅದರ ಹಿಂದೆ ಬಿದ್ದೆ.

ಬಿದ್ದದ್ದು ಹೌದು, ಎದ್ದದ್ದು ಸುಲಭದಲ್ಲಿ ಅಲ್ಲ. ಎರಡು ಕಂಪ್ಯೂಟರುಗಳಿಗೂ ಒಂದೇ ಗುಂಪಿನ ಹೆಸರು ಕೊಡಬೇಕು, ಅದು ಗೊತ್ತಾಗಲು ಒಂದು ದಿನ. ರೌಟರ್ ಪ್ರತಿ ಸಲ ಆರಿ ಹೊತ್ತಿದಾಗ ಚಾವಡಿಯ ಕಂಪ್ಯೂಟರಿಗೆ ಹೊಸ ವಿಳಾಸ ಕೊಟ್ಟುಬಿಡುತ್ತದೆ, ಅದನ್ನು ಒಂದೇ ಕಡೆ ಕಟ್ಟಿಹಾಕಲು ಇನ್ನೊಂದು ದಿನ. ಕಡತಗಳ ಫೋಲ್ಡರ್ ಕಾಣುತ್ತದೆ, ತೆರೆಯುವುದಿಲ್ಲ. ತೆರೆದರೆ ಬರೆಯಲು ಬಿಡುವುದಿಲ್ಲ. ಅಂತೂ ಒಂದು ಮಧ್ಯಾಹ್ನ ನನ್ನ ಕೋಣೆಯಲ್ಲಿ ಗುಂಡಿ ಒತ್ತಿದಾಗ ಚಾವಡಿಯಲ್ಲಿ ಪ್ರಿಂಟರ್ ಗುರ್ರೆಂದಿತು. ಓಡಿ ಹೋಗಿ ನೋಡಿದರೆ ಮಾವ ಆ ಹಾಳೆಯನ್ನು ಬೆಳಕಿಗೆ ಹಿಡಿದು ನಿಂತಿದ್ದಾರೆ. ಹಾಳೆ ತುಂಬ ಬರೇ ಚೌಕ ಚೌಕ ಡಬ್ಬಿಗಳು. ನಾನು ಬಳಸಿದ ಕನ್ನಡದ ಫಾಂಟ್ ಆ ಕಂಪ್ಯೂಟರಿನಲ್ಲಿ ಇರಲಿಲ್ಲ.

"ಇದು ಯಾವ ರಾಜ್ಯದ ಲಿಪಿ?" ಎಂದರು ಮಾವ.

ಅದನ್ನೂ ಸರಿಮಾಡಿದೆ. ಆದರೆ ಅಂದಿನಿಂದ ಮಾವನಿಗೆ ಒಂದು ಅಭ್ಯಾಸವಾಯಿತು. ಪ್ರಿಂಟರಿನಿಂದ ಏನೇ ಬರಲಿ, ಮೇಲಿನ ಪುಟವನ್ನು ಮೊದಲು ಒಮ್ಮೆ ಮನಸ್ಸಿನಲ್ಲೇ ಓದಿ, ಅಕ್ಷರ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಕೆಲಸ.

ಮುಂದಿನ ಕೆಲಸ ಏನೆಂದರೆ, ಮಕ್ಕಳಿಗೆ ಬರೆಸುವುದು. ದಿನಾ ಚಹಾ ಕುಡಿದು ನಾನು ನನ್ನ ಕೋಣೆಯಲ್ಲಿ ಅಭ್ಯಾಸಕ್ಕೆಂದು ನಾಲ್ಕು ಪ್ರಶ್ನೆ ಟೈಪ್ ಮಾಡಿ ಒತ್ತುತ್ತಿದ್ದೆ. ಚಾವಡಿಯಲ್ಲಿ ಹಾಳೆ ಬೀಳುತ್ತಿತ್ತು. "ಬಂತು" ಎನ್ನುತ್ತಿದ್ದರು ಮಾವ. ಅವರು ಗಟ್ಟಿಯಾಗಿ ಓದುವುದು, ಮಕ್ಕಳು ಬರೆದುಕೊಳ್ಳುವುದು. ಆ ಪ್ರಿಂಟರಿನಿಂದ ಬಂದದ್ದೆಲ್ಲ ತಮ್ಮದೇ ಎಂದು ಮಕ್ಕಳೂ ತಿಳಿದಿದ್ದರು. ಸಂಜೆ ಅರ್ಧ ಗಂಟೆ ಕರೆಂಟು ತೆಗೆಯುತ್ತಿದ್ದ ವರ್ಷ ಅದು. ಕರೆಂಟು ಬಂದ ಮೇಲೆ ಕಂಪ್ಯೂಟರಿನ ಗುಂಡಿ ಒತ್ತಲು ಮಾವನಿಗೆ ನೆನಪಿರುತ್ತಿರಲಿಲ್ಲ. ಅದಕ್ಕೆ, ಕರೆಂಟು ಬಂದ ಕೂಡಲೇ ಅದು ತಾನಾಗಿ ಏಳುವಂತೆ ಮಾಡಿಟ್ಟೆ. ಪ್ರಿಂಟರೂ ಹಾಗೆಯೇ, ರೌಟರೂ ಹಾಗೆಯೇ. ಯಾರ ಕೈಯೂ ತಾಗಬೇಕಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡದ್ದೂ ಉಂಟು.

ಈಗ ಪ್ರಶ್ನೆಪತ್ರಿಕೆಯ ವಿಷಯ ಹೇಳಬೇಕು. ನಮ್ಮದು ಮಲಯಾಳದ ರಾಜ್ಯಕ್ಕೆ ಸೇರಿದ ಗಡಿಯ ಕನ್ನಡ ಊರು, ಇಲ್ಲಿ ಪರೀಕ್ಷೆಯ ಪ್ರಶ್ನೆಗಳು ಹುಟ್ಟುವುದು ಮಲಯಾಳದಲ್ಲಿ. ಕನ್ನಡದ ಮಕ್ಕಳಿಗೆ ಅದನ್ನು ಯಾರೋ, ಎಲ್ಲೋ, ನಿಘಂಟು ಹಿಡಿದುಕೊಂಡು ಅನುವಾದ ಮಾಡಿ ಕಳಿಸುತ್ತಿದ್ದರು. ಪರೀಕ್ಷೆಯ ಹಾಲಿನಲ್ಲಿ ಮಕ್ಕಳು ಎದ್ದು ನಿಂತು "ಟೀಚರ್, ಈ ಪ್ರಶ್ನೆಯ ಅರ್ಥ ಎಂತ?" ಎಂದು ಕೇಳುವಾಗ ನಮಗೂ ಅರ್ಥವಾಗದೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆವು. ಉತ್ತರ ಗೊತ್ತಿದ್ದೂ ಪ್ರಶ್ನೆ ತಿಳಿಯದೆ ಸೋತ ಮಕ್ಕಳನ್ನು ನಾನು ನೋಡಿದ್ದೇನೆ. ವರ್ಷಗಟ್ಟಲೆ ಅಲೆದು, ಅರ್ಜಿ ಕೊಟ್ಟು, ಜಗಳ ಮಾಡಿ, ಅಂತೂ ಆ ವರ್ಷ ಅರ್ಧವಾರ್ಷಿಕ ಪರೀಕ್ಷೆಯ ಅನುವಾದ ಇಲ್ಲಿನ ಕನ್ನಡ ಅಧ್ಯಾಪಕರ ಕೈಗೆ ಬಂತು. ಸಮಾಜ ಪತ್ರಿಕೆ ನನ್ನ ಪಾಲಿಗೆ. ಕೊಟ್ಟ ಅಧಿಕಾರಿ ಮುಗುಳ್ನಗುತ್ತಲೇ ಹೇಳಿದರು, "ಒಂದು ಪ್ರಶ್ನೆ ಹೊರಗೆ ಹೋದರೂ ಇನ್ನು ಮುಂದೆ ಇದು ನಿಮ್ಮವರಿಗೆ ಸಿಗುವುದಿಲ್ಲ ಟೀಚರೇ." ನಿಮ್ಮವರಿಗೆ ಎಂದರು, ನಿಮಗೆ ಎನ್ನಲಿಲ್ಲ. ಆ ಮಾತು ಮುಳ್ಳಿನಂತೆ ಎದೆಯಲ್ಲಿ ಕೂತಿತ್ತು.

ಹಾಗಾಗಿ ನಾನು ಬಹಳ ಜಾಗ್ರತೆ ವಹಿಸಿದೆ. ಕಡತವನ್ನು ಹಂಚಿಕೆಯ ಫೋಲ್ಡರಿನಲ್ಲಿ ಇಡಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಕೆಲಸ ಮಾಡಿದೆ. ಹೊರಗೆ ಹೋಗುವಾಗ ಬೀಗ ಹಾಕಿ ಕೀಲಿ ಪರ್ಸಿನಲ್ಲಿ. "ಎಂತ, ಕೋಣೆಯಲ್ಲಿ ನಿಧಿ ಉಂಟಾ?" ಎಂದು ಮಾವ ತಮಾಷೆ ಮಾಡಿದರು. ಉಂಟು ಎಂದೆ. ಅವರು ಮತ್ತೆ ಕೇಳಲಿಲ್ಲ. ಅವರಿಗೆ ಅಂದಾಜಾಗಿರಬೇಕು.

ಆ ಸಂಜೆ ಅನುವಾದ ಮುಗಿಯಿತು. ಕೊನೆಯ ಪ್ರಶ್ನೆ ಧರಾತಲೀಯ ನಕ್ಷೆಯದ್ದು, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳನ್ನು ನೋಡಿ ಗುಡ್ಡ ಯಾವ ಕಡೆ ಕಡಿದಾಗಿದೆ, ನೀರು ಎತ್ತ ಹರಿಯುತ್ತದೆ ಎಂದು ಹೇಳಬೇಕಾದದ್ದು. ಓದಿದ ಕೂಡಲೇ ಹತ್ತನೇ ಕ್ಲಾಸಿನ ಮಗುವಿಗೆ ತಿಳಿಯುವ ಹಾಗೆ ಬರೆಯಬೇಕೆಂದು ಅದಕ್ಕೇ ಹೆಚ್ಚು ಬೆವರು ಸುರಿಸಿದ್ದೆ. ಮುಗಿದ ಖುಷಿಯಲ್ಲಿ ಕೈ ತನ್ನಷ್ಟಕ್ಕೆ ದಿನದ ಕೆಲಸ ಮಾಡಿಬಿಟ್ಟಿತು. ಚಹಾ ಕುಡಿದ ಹೊತ್ತು, ಟೈಪ್ ಮಾಡಿ ಮುಗಿದಿದೆ, ಇನ್ನೇನು ಒತ್ತುವುದು. ಒತ್ತಿದೆ. ಒತ್ತಿದ ಬೆರಳು ಇನ್ನೂ ಎದ್ದಿರಲಿಲ್ಲ, ಇದು ಮಕ್ಕಳ ಅಭ್ಯಾಸದ ಹಾಳೆಯಲ್ಲ ಎಂದು ಹೊಳೆಯಿತು.

ಅದೇ ಹೊತ್ತಿಗೆ ಕರೆಂಟು ಹೋಯಿತು. ಚಾವಡಿಯಲ್ಲಿ ಮಕ್ಕಳು ಓ ಎಂದು ಕೂಗಿದರು. ಪ್ರಿಂಟರ್ ಸಿಗುತ್ತಿಲ್ಲ ಎಂದು ಲ್ಯಾಪ್‌ಟಾಪಿನಲ್ಲಿ ಒಂದು ಸಂದೇಶ ಬಂತು. ಅದನ್ನು ಮುಚ್ಚಿದೆ. ವಿದ್ಯುತ್ ಇಲಾಖೆಗೆ ಜೀವನದಲ್ಲಿ ಮೊದಲ ಸಲ ಮನಸಾರೆ ಕೈ ಮುಗಿದೆ. ಕೋಣೆ ಕತ್ತಲು, ಪರ್ಸ್ ಹುಡುಕಲು ಬೆಳಕು ಬೇಕಿತ್ತು, ಲ್ಯಾಪ್‌ಟಾಪನ್ನು ತೆರೆದೇ ಬಿಟ್ಟೆ. ಮಾರನೆಯ ದಿನ ಪತ್ರಿಕೆಯನ್ನು ಸಿ.ಡಿ.ಯಲ್ಲಿ ಹಾಕಿ ಒಪ್ಪಿಸಬೇಕಿತ್ತು, ಮನೆಯಲ್ಲಿ ಖಾಲಿ ಸಿ.ಡಿ. ಇರಲಿಲ್ಲ. ಕರೆಂಟು ಬರುವುದರೊಳಗೆ ತಂದುಬಿಡುವ ಎಂದು ಕೋಣೆಗೆ ಬೀಗ ಹಾಕಿ ಹೊರಟೆ. ಚಾವಡಿಯಲ್ಲಿ ಚಿಮಿಣಿ ದೀಪ ಹಚ್ಚಿಟ್ಟು ಮಾವ ಪಾಠ ಮಾಡುತ್ತಿದ್ದರು.

ಅಂಗಡಿ ಇದ್ದದ್ದು ರೈಲು ಹಳಿ ದಾಟಿ ಹೈವೇ ಬದಿಯಲ್ಲಿ. ಜೆರಾಕ್ಸ್, ಪ್ರಿಂಟು, ಮೊಬೈಲ್ ರೀಚಾರ್ಜು ಎಲ್ಲ ಅಲ್ಲೇ. ಅಂಗಡಿಯವ ನನಗೆ ಸಿ.ಡಿ. ಕೊಟ್ಟು, ಹಿಂದೆ ಹೋಗಿ ಜನರೇಟರ್ ಶುರು ಮಾಡಿದ. ದೀಪ ಹೊತ್ತಿತು. ಸ್ವಲ್ಪ ಹೊತ್ತಿನಲ್ಲಿ ಮೂಲೆಯ ಪ್ರಿಂಟರ್ ಯಾರೂ ಮುಟ್ಟದೆ ಗುರುಗುಟ್ಟಿ ಒಂದರ ಹಿಂದೆ ಒಂದು ಹಾಳೆ ಉಗುಳತೊಡಗಿತು.

"ಇದು ಯಾರದ್ದು?" ಎಂದೆ.

"ಕರೆಂಟು ಹೋಗುವ ಮೊದ್ಲು ಒಬ್ರು ಕೊಟ್ಟದ್ದು. ಅರ್ಧದಲ್ಲಿ ನಿಂತಿತ್ತು. ಅದಕ್ಕೆ ನೆನಪು ಉಂಟು ಟೀಚರ್, ಒಮ್ಮೆ ಹೇಳಿದ್ರೆ ಮಾಡದೆ ಬಿಡುದಿಲ್ಲ."

ನಾನು ಮುಚ್ಚಿದ್ದು ಸಂದೇಶವನ್ನು, ಕೆಲಸವನ್ನಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಎಚ್ಚರವಾಗಿ ಕೂತಿದೆ. ಕರೆಂಟು ಬರುತ್ತದೆ, ರೌಟರ್ ಹೊತ್ತಿಕೊಳ್ಳುತ್ತದೆ, ಚಾವಡಿಯ ಕಂಪ್ಯೂಟರ್ ತಾನಾಗಿ ಏಳುತ್ತದೆ, ಪ್ರಶ್ನೆಪತ್ರಿಕೆ ಮಕ್ಕಳ ನಡುವೆ ಬಂದು ಬೀಳುತ್ತದೆ. ಮಾವ "ಬಂತು" ಎನ್ನುತ್ತಾರೆ. ಗಟ್ಟಿಯಾಗಿ ಓದುತ್ತಾರೆ. ಮಕ್ಕಳು ಚೆಂದ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ.

ಮನೆಗೆ ಫೋನ್ ಮಾಡಿದೆ. ನಮ್ಮದು ಕಾರ್ಡ್‌ಲೆಸ್ ಫೋನು, ಕರೆಂಟಿಲ್ಲದೆ ಸತ್ತಂತೆ. ಮಾವ ಮೊಬೈಲ್ ಇಟ್ಟುಕೊಂಡವರಲ್ಲ. ಪಕ್ಕದ ಮನೆಯವರ ನಂಬರು ನನ್ನಲ್ಲಿರಲಿಲ್ಲ. ಬೇಲಿ ಬದಿಯಲ್ಲಿ ಕೂಗಿದರೆ ಓಗೊಡುವವರ ನಂಬರನ್ನು ಯಾರಾದರೂ ಬರೆದಿಟ್ಟುಕೊಳ್ಳುತ್ತಾರೆಯೇ? ಬಾಕಿ ಚಿಲ್ಲರೆಯನ್ನೂ ಕೇಳದೆ ಅಂಗಡಿಯಿಂದ ಇಳಿದು ಓಡಿದೆ. ಸೀರೆಯುಟ್ಟ ಟೀಚರು ಹೈವೇ ಬದಿಯಲ್ಲಿ ಓಡುವುದನ್ನು ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.

ಹಳಿಯ ಹತ್ತಿರ ಬಂದರೆ ಗೇಟು ಬಿದ್ದಿದೆ. ಗೇಟು ಬಿದ್ದರೇನು, ನಮ್ಮ ಕಡೆಯವರು ನುಸುಳಿ ಹೋಗುವವರೇ. ಆದರೆ ಹಳಿಯ ಮೇಲೆ ಗೂಡ್ಸು ರೈಲು ಹೋಗುತ್ತಿತ್ತು, ಹೋಗುತ್ತಲೇ ಇತ್ತು. ಅಷ್ಟು ನಿಧಾನವಾಗಿ ಹೋಗುವುದಾದರೆ ಅದು ರೈಲು ಎಂತಕ್ಕೆ ಆಗಬೇಕು! ಒಂದೊಂದು ಡಬ್ಬಿಯೂ ನನ್ನೆದುರು ಬಂದು ಕಟಕ್ಕೆಂದು ಸದ್ದು ಮಾಡಿ ಮುಂದೆ ಸರಿಯುತ್ತಿತ್ತು. ಡಬ್ಬಿಗಳ ಸಂದಿಯಲ್ಲಿ ಆಚೆಯ ತೆಂಗಿನ ತೋಟ ಕಪ್ಪಾಗಿ ಕಾಣುತ್ತಿತ್ತು, ಮತ್ತೆ ಮುಚ್ಚುತ್ತಿತ್ತು. ಕಪ್ಪು ಇರುವಷ್ಟು ಹೊತ್ತು ನಾನು ಬದುಕಿದೆ ಎಂದುಕೊಂಡು ಗೇಟಿನ ಕಂಬ ಹಿಡಿದು ನಿಂತೆ. ರೈಲಿಗೆ ಬೈದೆ, ಗಂಡನಿಗೆ ಬೈದೆ, ಪ್ರಿಂಟರನ್ನು ಚಾವಡಿಯಲ್ಲಿಡಿಸಿದ ಮಾವನಿಗೂ ಮನಸ್ಸಿನಲ್ಲೇ ಬೈದೆ.

ಮುಂದಿನ ಸಂದಿಯಲ್ಲಿ ಆಚೆ ಬೆಳಕಿತ್ತು.

ಒಂದು ಮನೆಯದಲ್ಲ, ಎಲ್ಲ ಮನೆಗಳದ್ದು. ದೂರದಲ್ಲಿ ಮಕ್ಕಳು ಖುಷಿಯಿಂದ ಕೂಗಿದ್ದೂ ಕೇಳಿಸಿತು. ಮತ್ತೆ ಮನೆಗೆ ಫೋನ್ ಮಾಡಿದೆ. ಈಗ ರಿಂಗಾಯಿತು. ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಪಾಠದ ಹೊತ್ತಿನಲ್ಲಿ ಫೋನ್ ಎತ್ತಬಾರದು ಎನ್ನುವುದು ಮಾವನ ಕಾನೂನು, ಮಕ್ಕಳಿಗೂ ಗೊತ್ತಿದ್ದದ್ದೇ. ಸಾಯಲಿ ಈ ಕಾನೂನು ಎಂದು ಅಳು ಬಂತು. ರಿಂಗು ತಾನಾಗಿ ನಿಂತಿತು. ಆಮೇಲೆ ರೈಲೂ ಮುಗಿಯಿತು.

ಹಳಿಯಿಂದ ಮನೆಯವರೆಗೆ ಹೊಯಿಗೆಯ ದಾರಿ, ಮರಳಿನಲ್ಲಿ ಕಾಲು ಹೂತುಹೋಗುತ್ತದೆ. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಅಂಗಳದ ಹತ್ತಿರ ಬಂದಾಗ ಮಾವನ ಸ್ವರ ಕೇಳಿಸಿತು. ಅವರು ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ಓದುತ್ತಿದ್ದರು. ಬರೆಸುವಾಗಿನ ಸ್ವರ ಅದು. ಮಕ್ಕಳೆಲ್ಲ ತಲೆ ಬಗ್ಗಿಸಿ ಬರೆಯುತ್ತಿದ್ದರು. ಕಾಲು ಅಲ್ಲೇ ನಿಂತಿತು. ಮುಗಿಯಿತು, ಇಷ್ಟು ವರ್ಷ ಜಗಳಾಡಿ ತಂದದ್ದನ್ನು ನಾನೇ ಒಂದು ಬೆರಳಿನಲ್ಲಿ ಹಾಳು ಮಾಡಿದೆ ಎಂದು ಅನ್ನಿಸಿತು.

"ಮೊದಲನೆಯ... ಮಹಾಯುದ್ಧದ... ಕಾರಣಗಳು..."

ನನ್ನ ಪತ್ರಿಕೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಮೆಟ್ಟಿಲು ಹತ್ತಿ ನೋಡಿದೆ. ಮಾವನ ಕೈಯಲ್ಲಿ ಪಠ್ಯಪುಸ್ತಕ. ಪ್ರಿಂಟರಿನ ತಟ್ಟೆ ಖಾಲಿ. ಪ್ರಿಂಟರಿನ ದೀಪ ಉರಿಯುತ್ತಿದೆ, ಕಂಪ್ಯೂಟರ್ ಎದ್ದಿದೆ, ಹಾಳೆ ಮಾತ್ರ ಎಲ್ಲೂ ಇಲ್ಲ. ಮಾವ ನನ್ನನ್ನು ನೋಡಿದರು, ಬರೆಸುವುದನ್ನು ಮುಂದುವರಿಸಿದರು. ನಾನು ಕೋಣೆಗೆ ಹೋಗಿ ಲ್ಯಾಪ್‌ಟಾಪ್ ನೋಡಿದೆ. ಪ್ರಿಂಟಿನ ಸರದಿಯಲ್ಲಿ ಏನೂ ಬಾಕಿ ಇರಲಿಲ್ಲ. ಅಂದರೆ ಪೂರ್ತಿ ಮುದ್ರಣವಾಗಿದೆ. ಹಾಗಾದರೆ ಯಾರ ಚೀಲದಲ್ಲಿದೆ? ಮಕ್ಕಳೆದುರು ಕೇಳುವ ಹಾಗಿಲ್ಲ. ಅವರು ಎದ್ದು ಹೋಗುವವರೆಗೆ ಬಾಗಿಲ ಹಿಂದೆ ನಿಂತು ಒಬ್ಬೊಬ್ಬರ ಚೀಲವನ್ನೂ ಕಳ್ಳರನ್ನು ನೋಡುವಂತೆ ನೋಡಿದೆ. ಪಾಪದ ಮಕ್ಕಳು, ನನ್ನನ್ನು ಕಂಡು "ಬರ್ತೇವೆ ಟೀಚರ್" ಎಂದು ನಕ್ಕು ಹೋದವು.

ಕೊನೆಯ ಟಾರ್ಚು ತಿರುವು ದಾಟಿದ ಮೇಲೆ ಮಾವ ಎದ್ದರು. ತಾವು ಕುಳಿತಿದ್ದ ದಿಂಬಿನ ಅಡಿಯಿಂದ ಹಾಳೆಗಳನ್ನು ತೆಗೆದು ನನ್ನ ಕೈಗೆ ಕೊಟ್ಟರು.

"ಮಕ್ಕಳು ನೋಡಿದ್ರಾ?"

"ಇಲ್ಲ. ಒಬ್ಳು ಕೇಳಿದ್ಳು, ಇವತ್ತಿನದ್ದು ಬಂತಾ ಮಾಷ್ಟ್ರೇ ಅಂತ. ಅಕ್ಷರ ಸಮ ಬರ್ಲಿಲ್ಲ ಅಂದೆ. ಈ ಪ್ರಾಯದಲ್ಲಿ ಸುಳ್ಳು ಹೇಳುವ ಹಾಗೆ ಆಯ್ತು ಮಾರಾಯ್ತಿ."

"ನೀವು?"

"ಕೊನೆಯ ಪುಟ ಮೇಲೆ ಇತ್ತು. ಓದಿದೆ. ಎಷ್ಟು ಲಾಯ್ಕದ ಪ್ರಶ್ನೆ ಮಾಡಿದ್ದಾಳೆ ಅಂತ ಮನಸ್ಸಿನಲ್ಲೇ ಗ್ರೇಶಿದೆ. ಮಕ್ಕಳಿಗೆ ಹೇಳ್ಲಿಕ್ಕೆ ಬಾಯಿ ತೆರೆದದ್ದೂ ಹೌದು. ಅಡಿಯ ಹಾಳೆ ಹೇಗೆ ಉಂಟು ಅಂತ ನೋಡುವಾಗ ಪರೀಕ್ಷೆಯ ಹೆಸರು ಕಂಡಿತು."

ಆ ಪ್ರಿಂಟರಿನಲ್ಲಿ ಹಾಳೆಗಳು ಮುಖ ಮೇಲಾಗಿ ಬೀಳುತ್ತಿದ್ದವು. ಕೊನೆಯದ್ದೇ ಎಲ್ಲಕ್ಕಿಂತ ಮೇಲೆ. ನಾನು ಹಾಳೆಗಳನ್ನು ಬಚ್ಚಲಿನ ಒಲೆಗೆ ಹಾಕಿ ಬೂದಿಯನ್ನೂ ಕೆದಕಿದೆ. ಬಚಾವಾದೆವು ಎಂದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಆದರೆ ಬಚಾವಾಗಿರಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಲೋಟವನ್ನು ಮುಂದಿಟ್ಟುಕೊಂಡು ಮಾವ ಹೇಳಿದರು, "ಆ ನಕ್ಷೆಯ ಪಾಠ ನಾನು ಇನ್ನೂ ಮಾಡಿರ್ಲಿಲ್ಲ."

"ಮಾಡಿ. ಈ ವಾರ ಮಾಡುವುದು ಅಂತ ಹೇಳಿದ್ದಿರಲ್ಲ."

"ನಿನ್ನೆ ಮಾಡಿದ್ರೆ ಅದು ಪಾಠ. ಇನ್ನು ಮಾಡಿದ್ರೆ ಅದು ಪ್ರಶ್ನೆ ಹೇಳಿಕೊಟ್ಟ ಹಾಗೆ."

ನನಗೆ ಸಿಟ್ಟು ಬಂತು. "ಶಾಲೆಯಲ್ಲಿ ಅವಕ್ಕೆ ಹೇಳಿಕೊಡುವವರಿಲ್ಲ. ನೀವೂ ಹೇಳಿಕೊಡದಿದ್ರೆ ಅದು ಮಕ್ಕಳಿಗೆ ಮೋಸ ಅಲ್ವಾ?"

"ಹೌದು. ಅದೂ ಮೋಸವೇ," ಎಂದರು. ಅಷ್ಟೇ. ಕಾಫಿ ತಣ್ಣಗಾಯಿತು.

ಪ್ರಶ್ನೆಯನ್ನು ಬದಲಿಸುವ ಅಧಿಕಾರ ನನಗಿರಲಿಲ್ಲ, ನಾನು ಬರೇ ಅನುವಾದ ಮಾಡುವವಳು. ಆಫೀಸಿಗೆ ಫೋನ್ ಮಾಡಿ ಹೀಗಾಯಿತು ಎಂದು ಹೇಳಬಹುದಿತ್ತು. ನಂಬರು ಒತ್ತಿ, ಆ ಅಧಿಕಾರಿಯ ಮುಗುಳ್ನಗೆ ನೆನಪಾಗಿ, ಇಟ್ಟುಬಿಟ್ಟೆ. ಹೇಳಿದರೆ ಹೋಗುವುದು ನನ್ನ ಒಂದು ಪತ್ರಿಕೆ ಮಾತ್ರ ಆಗಿರಲಿಲ್ಲ, ಜಿಲ್ಲೆಯ ಕನ್ನಡ ಮಕ್ಕಳೆಲ್ಲರೂ ಮತ್ತೆ ಆ ಅರ್ಥವಾಗದ ಪ್ರಶ್ನೆಗಳ ಎದುರು ಕೂರಬೇಕಾಗುತ್ತಿತ್ತು. ಮಾವನೂ ಅದನ್ನೇ ಲೆಕ್ಕ ಹಾಕಿದ್ದರು. ಅಷ್ಟು ಮಕ್ಕಳ ಕಡೆ ನೋಡಿ ತಮ್ಮ ಚಾಪೆಯ ಮಕ್ಕಳನ್ನು ಬಿಟ್ಟುಕೊಟ್ಟರು. ಪತ್ರಿಕೆ ಒಪ್ಪಿಸಿ ಬಂದೆ. ಬಂದ ದಿನವೇ ಪ್ರಿಂಟರನ್ನು ಎತ್ತಿ ನನ್ನ ಕೋಣೆಯಲ್ಲಿಟ್ಟು ಎರಡು ಕಂಪ್ಯೂಟರುಗಳ ನಡುವಿನ ಹಂಚಿಕೆಯನ್ನೇ ತೆಗೆದುಹಾಕಿದೆ. ಮಾವ ಹಠ ಮಾಡಲಿಲ್ಲ. ಹಠ ಮಾಡಿದ್ದರೆ ಚೆನ್ನಾಗಿತ್ತು.

ಪರೀಕ್ಷೆಯವರೆಗಿನ ಸಂಜೆಗಳು ನನಗೆ ಉಸಿರು ಕಟ್ಟಿಸಿದವು. ಮಕ್ಕಳಲ್ಲಿ ಒಬ್ಬಳು, ಸಮುದ್ರ ಬದಿಯ ಕಡಪ್ಪುರದಿಂದ ಬರುವ ಮೀನುಗಾರರ ಹುಡುಗಿ, ಪುಸ್ತಕದ ಒಂದು ಪಾಠವನ್ನೂ ಬಿಡದವಳು, ದಿನಾ ಕೇಳುತ್ತಿದ್ದಳು.

"ಮಾಷ್ಟ್ರೇ, ನಕ್ಷೆಯ ಪಾಠ ಯಾವಾಗ?"

"ನೋಡುವ."

"ಅದು ಪರೀಕ್ಷೆಗೆ ಬರ್ತದಾ?"

ಗೋಡೆಯ ಈಚೆ ನಾನು ಕಿವಿಗೊಟ್ಟು ಕುಳಿತಿರುತ್ತಿದ್ದೆ. ಬರುತ್ತದೆ ಎನ್ನುವಂತಿಲ್ಲ. ಬರುವುದಿಲ್ಲ ಎಂದರೆ ಇನ್ನೊಂದು ಸುಳ್ಳು. ಮಾವ ಒಮ್ಮೆ ಕೆಮ್ಮುತ್ತಿದ್ದರು, ಒಮ್ಮೆ ನೀರು ಕೇಳುತ್ತಿದ್ದರು, ಒಮ್ಮೆಯಂತೂ ಆ ಹುಡುಗಿಯನ್ನು ಗದರಿಸಿಯೇಬಿಟ್ಟರು. ಮಕ್ಕಳ ಮೇಲೆ ಅವರು ಸ್ವರ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ನನಗೂ ಸೇರಲಿಲ್ಲ.

ಸಮಾಜ ಪರೀಕ್ಷೆ ಮುಗಿದ ದಿನ ಮಕ್ಕಳು ಬಿಸಿಲು ಇರುವಾಗಲೇ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಓಡಿ ಬಂದರು. "ಮಾಷ್ಟ್ರೇ, ಈ ಸಲ ಪ್ರಶ್ನೆ ಎಲ್ಲ ಅರ್ಥ ಆಯ್ತು! ಒಂದಕ್ಕೂ ಟೀಚರತ್ರ ಕೇಳ್ಬೇಕಾಗ್ಲಿಲ್ಲ!" ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಅದು ನಾನು ಬರೆದದ್ದು ಎಂದು ಹೇಳುವಂತಿರಲಿಲ್ಲ, ಆದರೂ ಎದೆ ತುಂಬಿ ಬಂತು. ಇಷ್ಟು ವರ್ಷದ ಜಗಳ ಸಾರ್ಥಕವಾಯಿತು ಎಂದು ನಿಜವಾಗಿ ಅನ್ನಿಸಿತು.

ಹುಡುಗಿ ಮಾತ್ರ ಪತ್ರಿಕೆಯ ಕೊನೆಯ ಪುಟ ತಿರುಗಿಸಿ ನಿಂತಿದ್ದಳು. "ಇದೊಂದು ಬಿಟ್ಟೆ ಮಾಷ್ಟ್ರೇ. ಪ್ರಶ್ನೆ ಅರ್ಥ ಆಯ್ತು, ಉತ್ತರ ಗೊತ್ತಿರ್ಲಿಲ್ಲ."

ಮಾವ ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ಮೊದಲ ಸಲ ನೋಡುವವರಂತೆ ಓದಿದರು. ಆಮೇಲೆ ಅಂಗಳಕ್ಕಿಳಿದು ಕುಕ್ಕರಗಾಲಲ್ಲಿ ಕುಳಿತರು. ಕೊಡಪಾನದ ನೀರು ಚಿಮುಕಿಸಿ, ಹೊಯಿಗೆ ಗುಡ್ಡೆ ಹಾಕಿ, ಒಂದು ಕಡೆ ಕಡಿದು, ಒಂದು ಕಡೆ ಇಳಿಜಾರು ಮಾಡಿದರು. ಬಾಳೆನಾರು ತರಿಸಿ ಅಡಿಯಲ್ಲೊಂದು ಸುತ್ತು, ಮೇಲೊಂದು ಸುತ್ತು, ಅದರ ಮೇಲೊಂದು ಸುತ್ತು ಇಟ್ಟರು. ಮಕ್ಕಳನ್ನೆಲ್ಲ ಎದ್ದು ನಿಂತು ಮೇಲಿನಿಂದ ನೋಡಲು ಹೇಳಿದರು. ಕಡಿದಾದ ಕಡೆ ಸುತ್ತುಗಳು ಒತ್ತೊತ್ತಾಗಿದ್ದವು, ಇಳಿಜಾರಿನ ಕಡೆ ದೂರ ದೂರ. ಎಲ್ಲರಿಗೂ ಒಂದೇ ನೋಟಕ್ಕೆ ತಿಳಿಯಿತು.

"ಇಷ್ಟೇಯಾ?" ಎಂದಳು ಹುಡುಗಿ. ಅವಳ ಕಣ್ಣಲ್ಲಿ ನೀರಿತ್ತು. "ಇದನ್ನು ಮೊದ್ಲೇ ಹೇಳಿಕೊಡ್ಬಹುದಿತ್ತಲ್ಲ ಮಾಷ್ಟ್ರೇ?"

ಮಾವ ತಲೆಯೆತ್ತಲಿಲ್ಲ, ಕಿಟಕಿಯ ಕಡೆಗೂ ನೋಡಲಿಲ್ಲ.

"ಹೌದು ಮಗಾ," ಎಂದರು. "ಹೇಳಿಕೊಡ್ಬಹುದಿತ್ತು."